ಶಾಲು ಹೊದಿಸಿದರೆ ಮಾಸ್ತರು ಬರುವುದಿಲ್ಲ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಶಾಲೆಯ ಬಗ್ಗೆ. ಮುಂಬಯಿ, ಪುಣೆ, ವಾಸ್ಕೋದಿಂದ ಬಂದ ಐದು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಉತ್ತರಗಳ ಉದ್ದ ಒಂದೇ ಸಮ ಇಲ್ಲ; ಕಷ್ಟಗಳೂ ಒಂದೇ ಸಮ ಇಲ್ಲವಲ್ಲ.

ನಮ್ಮದು ಘಾಟ್ಕೋಪರ್ ಕಡೆಯ ಒಂದು ಕನ್ನಡ ಸಂಘ. ಆಮದಾರರು (ಶಾಸಕರು), ನಗರಸೇವಕರು (ಪಾಲಿಕೆ ಸದಸ್ಯರು), ಶಿಕ್ಷಣಾಧಿಕಾರಿಗಳು, ಬೇರೆ ಸಂಘಗಳ ಅಧ್ಯಕ್ಷರು ಎಲ್ಲರನ್ನೂ ಒಂದೇ ವೇದಿಕೆಗೆ ಕರೆದು ‘ಶಿಕ್ಷಣ ಪರಿಷತ್ತು’ ಮಾಡಬೇಕೆಂದಿದ್ದೇವೆ. ಹಾಲ್, ಊಟ, ಸನ್ಮಾನಕ್ಕೆಂದು ಒಂದೂವರೆ ಲಕ್ಷ ಎತ್ತಿಟ್ಟಿದ್ದೇವೆ. ಹಿಂದಿನ ಸಲ ಬರೀ ಭಾಷಣದಲ್ಲೇ ಮುಗಿಯಿತು. ಈ ಸಲ ಏನು ಮಾಡಬೇಕು?

ಮೊದಲು ಹಾಲ್ ಬುಕಿಂಗ್ ರದ್ದು ಮಾಡಿ. ಚಹಾ, ಝೆರಾಕ್ಸ್, ಕಚೇರಿಗೆ ನಾಲ್ಕು ಸಲ ಹೋಗಿಬರುವ ಗಾಡಿ ಖರ್ಚು ಸೇರಿ ಐದು ಸಾವಿರದೊಳಗೆ ಆಗುವ ಕೆಲಸ ಇದು. ಉಳಿದ ಹಣದ ಉಪಯೋಗ ಮುಂದೆ ಹೇಳುತ್ತೇವೆ.

ವೇದಿಕೆ ಏಕೆ ಕೈಕೊಡುತ್ತದೆ? ಎದುರಿಗೆ ಐನೂರು ಜನ ಕೂತಿರುವಾಗ ಯಾವ ಅಧಿಕಾರಿಯೂ ‘ಆಗುವುದಿಲ್ಲ’ ಎನ್ನಲಾರರು, ‘ಇಷ್ಟು ದಿನದೊಳಗೆ ಮಾಡಿಕೊಡುತ್ತೇನೆ’ ಎಂದೂ ಹೇಳಲಾರರು. ‘ಸಕಾರಾತ್ಮಕವಾಗಿ ವಿಚಾರ ಮಾಡೋಣ’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೊರಡುತ್ತಾರೆ. ಶಾಲು ಹೊದಿಸಿಕೊಂಡವರನ್ನು ಅಲ್ಲೇ ನಿಲ್ಲಿಸಿ ‘ಹೋದ ವರ್ಷದ ಮಾತು ಏನಾಯಿತು’ ಎಂದು ಕೇಳಲು ನಮಗೂ ನಾಲಿಗೆ ಏಳುವುದಿಲ್ಲ.

ಕಡತ ಯಾರ ಮೇಜಿನ ಮೇಲಿದೆ ಎಂಬುದನ್ನು ಮೊದಲು ಪತ್ತೆ ಮಾಡಿ. ಮುಂಬಯಿಯಲ್ಲಿ ಪ್ರಾಥಮಿಕ ಶಾಲೆ ಮಹಾನಗರಪಾಲಿಕೆಯ ಶಿಕ್ಷಣ ಖಾತೆಗೆ ಸೇರಿದ್ದು. ಮಾಧ್ಯಮಿಕ ಶಾಲೆಯ ಕಾಗದ ಹೋಗುವುದು ರಾಜ್ಯ ಸರಕಾರದ ಶಿಕ್ಷಣ ನಿರೀಕ್ಷಕರ ಕಚೇರಿಗೆ. ದಕ್ಷಿಣ, ಉತ್ತರ, ಪಶ್ಚಿಮ ಎಂದು ಅಂಥ ಕಚೇರಿಗಳು ಮೂರು. ಹತ್ತನೇ ತರಗತಿಯ ದೂರನ್ನು ಪಾಲಿಕೆಯ ಅಧಿಕಾರಿಗೆ ಕೊಟ್ಟು ಎರಡು ತಿಂಗಳು ಕಾಯುವುದು ನಮ್ಮವರ ಮಾಮೂಲಿ ತಪ್ಪು. ಪಾಲಿಕೆಯ ಒಳಗೂ ಮೆಟ್ಟಿಲುಗಳಿವೆ: ಮುಖ್ಯೋಪಾಧ್ಯಾಯರು, ಬೀಟ್ ಅಧಿಕಾರಿ, ವಾರ್ಡಿನ ಶಾಲಾ ಆಡಳಿತಾಧಿಕಾರಿ, ಉಪಶಿಕ್ಷಣಾಧಿಕಾರಿ, ಕೊನೆಗೆ ಶಿಕ್ಷಣಾಧಿಕಾರಿ. ನಲ್ಲಿ, ಶೌಚಾಲಯ, ಬೆಂಚಿನಂಥ ಮಾತಿಗೆ ವಾರ್ಡಿನ ಮಟ್ಟ ಸಾಕು. ಹುದ್ದೆ ಮಂಜೂರಾತಿ, ಹೊಸ ಬಾಲವಾಡಿ, ಶಾಲೆಗಳ ವಿಲೀನ ಮೇಲಿನ ಮಾತು. ನಗರಸೇವಕರ ಕೈಯಲ್ಲಿರುವುದು ಬಜೆಟ್ಟು ಮತ್ತು ಶಿಕ್ಷಣ ಸಮಿತಿ. ಆಮದಾರರ ಕೈಯಲ್ಲಿರುವುದು ಕಾಯಿದೆ, ಸರಕಾರಿ ಆದೇಶ, ಶಿಕ್ಷಕರ ನೇಮಕಾತಿಯ ನೀತಿ. ಅವರ ಕೈಯಲ್ಲಿರುವುದನ್ನು ಇವರಲ್ಲಿ ಬೇಡಿದರೆ ಇಬ್ಬರೂ ನಕ್ಕು ಫೋಟೋ ತೆಗೆಸಿಕೊಳ್ಳುತ್ತಾರೆ. ಇನ್ನೊಂದು ದಾರಿಯನ್ನು ನಮ್ಮ ಸಂಘಗಳು ಮರೆತೇಬಿಡುತ್ತವೆ: ವಿಧಾನ ಪರಿಷತ್ತಿನ 78 ಸದಸ್ಯರಲ್ಲಿ ಏಳು ಮಂದಿ ಶಿಕ್ಷಕರ ಕ್ಷೇತ್ರದಿಂದ ಬಂದವರು. ಶಾಲೆಯ ಪ್ರಶ್ನೆಯನ್ನು ಸದನದಲ್ಲಿ ಎತ್ತುವುದು ಅವರಿಗೆ ರೂಢಿಯ ಕೆಲಸ.

ಸಭೆಗೆ ಹದಿನೈದು ಜನ ಸಾಕು: ಇಬ್ಬರು ಅಧಿಕಾರಿಗಳು, ಇಬ್ಬರು ಜನಪ್ರತಿನಿಧಿಗಳು, ಮುಖ್ಯೋಪಾಧ್ಯಾಯರು, ಸಂಘಗಳಿಂದ ಮೂವರು, ಉಳಿದ ಏಳೂ ಜನ ಆ ಶಾಲೆಯ ಮಕ್ಕಳ ತಂದೆ-ತಾಯಿ. ಪಾಲಕರ ಸಂಖ್ಯೆ ಅಧ್ಯಕ್ಷರುಗಳ ಸಂಖ್ಯೆಗಿಂತ ಹೆಚ್ಚಿರಲಿ. ಸಂಘದ ಪದಾಧಿಕಾರಿಗಳ ಮಕ್ಕಳು ಓದಿದ್ದು ಬೇರೆ ಶಾಲೆಗಳಲ್ಲಿ. ಪಾಲಿಕೆಯ ಕನ್ನಡ ಶಾಲೆಯ ಬೆಂಚಿನ ಮೇಲಿರುವುದು ಹೊಟೇಲ್ ಕೆಲಸಗಾರರ, ನಾಕಾದಲ್ಲಿ ಕೂಲಿಗೆ ನಿಲ್ಲುವವರ, ಮನೆಗೆಲಸದವರ ಮಕ್ಕಳು. ಅವರನ್ನು ಬಿಟ್ಟು ನಡೆಸುವ ಸಮಾನತೆಯ ಚರ್ಚೆ ಮದುಮಗನಿಲ್ಲದ ಮದುವೆ. ಅವರು ಬರಬೇಕಾದರೆ ಹೊತ್ತನ್ನೂ ಅವರಿಗೆ ಹೊಂದಿಸಬೇಕು. ಹೊಟೇಲಿನವರಿಗೆ ಬಿಡುವು ಸಿಗುವುದು ಮಧ್ಯಾಹ್ನದ ಊಟದ ಗಿರಾಕಿ ಮುಗಿದ ಮೇಲೆ, ಸುಮಾರು ಮೂರೂವರೆಯಿಂದ ಆರರ ತನಕ. ಶನಿವಾರ ನಾಲ್ಕಕ್ಕೆ ಶಾಲೆಯ ತರಗತಿಯಲ್ಲೇ ಸೇರಿ. ಒಂದನೇ ತರಗತಿಯ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂತ ಅಧಿಕಾರಿಗೆ ಬೆಂಚಿನ ಬಗ್ಗೆ ನಿವೇದನ (ಮನವಿಪತ್ರ) ಕೊಡುವ ಅಗತ್ಯ ಬೀಳುವುದಿಲ್ಲ.

ಎಲ್ಲರ ಕೈಗೂ ಎರಡು ಪುಟ ಕೊಡಿ. ಮೊದಲ ಪುಟದಲ್ಲಿ ಶಾಲೆಯ ಅಂಕಿಗಳು, ಎರಡನೆಯದರಲ್ಲಿ ಬೇಡಿಕೆ. ಮೂರಕ್ಕಿಂತ ಹೆಚ್ಚು ಬೇಡ. ‘ಕನ್ನಡ ಶಾಲೆಗಳನ್ನು ಉಳಿಸಿ’ ಎನ್ನುವುದು ಘೋಷಣೆ, ಅದಕ್ಕೆ ಯಾರೂ ಸಹಿ ಹಾಕಲಾರರು. ‘ಆರರಿಂದ ಎಂಟನೇ ತರಗತಿಗೆ ಗಣಿತ–ವಿಜ್ಞಾನದ ಹುದ್ದೆ ಖಾಲಿ ಇದೆ; ಭರ್ತಿಯಾಗುವ ತನಕ ಇಂಥ ಶಾಲೆಯ ಶಿಕ್ಷಕರನ್ನು ವಾರಕ್ಕೆ ಮೂರು ದಿನ ಇಲ್ಲಿಗೆ ನಿಯೋಜಿಸಿ, ಆದೇಶ ನವೆಂಬರ್ 15ರೊಳಗೆ ಬರಲಿ’ ಎಂದು ಬರೆದರೆ ಅದು ಬೇಡಿಕೆ. ಪ್ರತಿಯೊಂದರ ಎದುರು ಯಾರ ಅಧಿಕಾರ, ಎಷ್ಟು ಖರ್ಚು, ಯಾವ ತಾರೀಖು ಎಂದು ಬರೆದಿರಬೇಕು. ಈ ಕಾಗದ ಸಭೆಗೆ ಒಂದು ವಾರ ಮೊದಲೇ ಪ್ರತಿಯೊಬ್ಬರ ಕೈ ಸೇರಲಿ, ಸಾಧ್ಯವಾದರೆ ಖುದ್ದಾಗಿ ಕೊಟ್ಟು ಬನ್ನಿ. ಸಭೆಯಲ್ಲೇ ಮೊದಲ ಸಲ ಪ್ರಶ್ನೆ ಕೇಳಿಸಿಕೊಂಡ ಅಧಿಕಾರಿ ತನ್ನನ್ನು ಕಾಪಾಡಿಕೊಳ್ಳಲು ನೋಡುತ್ತಾರೆ. ವಾರದ ಮೊದಲೇ ಓದಿದವರು ಒಂದಾದರೂ ಉತ್ತರ ಹಿಡಿದುಕೊಂಡು ಬರುತ್ತಾರೆ.

ಅಂದು ಸಂಜೆಯೇ ಒಂದು ಪುಟದ ಇತಿವೃತ್ತ (ಸಭೆಯ ನಡಾವಳಿ) ಮರಾಠಿಯಲ್ಲಿ ತಯಾರಾಗಲಿ. ಕಚೇರಿಯ ಕಾಗದ ನಡೆಯುವುದು ಮರಾಠಿಯಲ್ಲಿ. ಕನ್ನಡದ ಅಭಿಮಾನವನ್ನು ಈ ಒಂದು ಪುಟದಲ್ಲಿ ತೋರಿಸಲು ಹೋಗಬೇಡಿ. ಸೋಮವಾರ ಎರಡು ಪ್ರತಿ ಹಿಡಿದು ಆವಕ-ಜಾವಕ (ಬರುವ-ಹೋಗುವ ಕಾಗದದ) ಗುಮಾಸ್ತರ ಮೇಜಿಗೆ ಹೋಗಿ. ಒಂದನ್ನು ಅವರು ಇಟ್ಟುಕೊಳ್ಳುತ್ತಾರೆ. ಇನ್ನೊಂದರ ಮೇಲೆ ಕಚೇರಿಯ ಮೊಹರು, ಅದರೊಳಗೆ ಕೈಬರಹದಲ್ಲಿ ಆವಕ ಕ್ರಮಾಂಕ, ತಾರೀಖು, ಚುಟುಕು ಸಹಿ ಬೀಳಬೇಕು. ಮೊಹರು ಬಿದ್ದು ಕ್ರಮಾಂಕ ಬೀಳದಿದ್ದರೆ ವಾಪಸು ಕೊಟ್ಟು ಬರೆಸಿಕೊಳ್ಳಿ. ಒಂದು ತಿಂಗಳ ಮೇಲೆ ವಿಚಾರಿಸಲು ಹೋದಾಗ ಅವರು ಮೊದಲು ಕೇಳುವುದು ಆ ಅಂಕಿಯನ್ನೇ. ಅದಿಲ್ಲದೆ ರಿಜಿಸ್ಟರ್ ತೆರೆಯುವುದಿಲ್ಲ. ನಲವತ್ತೈದು ದಿನ ಬಿಟ್ಟು ಅದೇ ಹದಿನೈದು ಜನರನ್ನು ಮತ್ತೆ ಕರೆಯಿರಿ. ಎರಡನೇ ಸಭೆಯ ತಾರೀಖು ಮೊದಲ ಸಭೆಯಲ್ಲೇ ಗೊತ್ತಾಗಿದ್ದರೆ ಮಾತ್ರ ಮೊದಲನೆಯದಕ್ಕೆ ಬೆಲೆ.

ಕಾಲವೂ ಮುಖ್ಯ. ಪಾಲಿಕೆಯ ಶಿಕ್ಷಣ ಬಜೆಟ್ ಸಾಮಾನ್ಯವಾಗಿ ಫೆಬ್ರವರಿಯ ಆರಂಭದಲ್ಲಿ ಮಂಡನೆಯಾಗುತ್ತದೆ, ಅಂಕಿ ತುಂಬುವುದು ಅದಕ್ಕೆ ಎರಡು ತಿಂಗಳ ಹಿಂದೆ. ಆದ್ದರಿಂದ ಸಭೆಗೆ ಅಕ್ಟೋಬರ್ ಒಳ್ಳೆಯದು. ಜನವರಿ 26ಕ್ಕೆ ಧ್ವಜವಂದನೆಯ ಜೊತೆಗೆ ಇಟ್ಟುಕೊಂಡರೆ ಊಟ ಬಡಿಸಿದ ಮೇಲೆ ಅಕ್ಕಿ ತೊಳೆದಂತೆ. ಉಳಿದ ಹಣವೇ? ಆ ಶಾಲೆಯ ಅಂಕಿ ಕಲೆಹಾಕಿ, ಕಾಗದ ಬರೆದು, ಕಚೇರಿಗೆ ಓಡಾಡಲು ಮರಾಠಿ-ಕನ್ನಡ ಎರಡೂ ಬಲ್ಲ ಒಬ್ಬರಿಗೆ ಒಂದು ವರ್ಷ ಅರೆಕಾಲಿಕ ಗೌರವಧನ ಕೊಡಿ. ನೋಟ್‌ಬುಕ್ ಹಂಚಬೇಡಿ. ಪಾಲಿಕೆ ತನ್ನ ಮಕ್ಕಳಿಗೆ 27 ಬಗೆಯ ಶಾಲಾ ಸಾಮಗ್ರಿಯನ್ನು ಉಚಿತವಾಗಿ ಕೊಡುವ ಯೋಜನೆಯನ್ನೇ ಇಟ್ಟುಕೊಂಡಿದೆ.

ಸಾಯನ್ ಕಡೆಯ ಪಾಲಿಕೆ ಕನ್ನಡ ಶಾಲೆಯಲ್ಲಿ ಪಟಸಂಖ್ಯೆ (ದಾಖಲಾದ ಮಕ್ಕಳ ಸಂಖ್ಯೆ) ಇಳಿಯುತ್ತಿದೆ. ಪಕ್ಕದ ಶಾಲೆಗೆ ಸೇರಿಸುತ್ತಾರಂತೆ. ಯಾವ ಅಂಕಿ ಹಿಡಿದು ಮಾತಾಡಬೇಕು?

ಮೊದಲು ಶಾಲೆಯ ಯು-ಡೈಸ್ ಸಂಖ್ಯೆ, ಅಂದರೆ ಸರಕಾರಿ ದಾಖಲೆಯಲ್ಲಿ ಆ ಶಾಲೆಯ ಗುರುತಿನ ಸಂಖ್ಯೆ, ಬರೆದುಕೊಳ್ಳಿ. ಹನ್ನೊಂದು ಅಂಕಿಯದು, ಮಹಾರಾಷ್ಟ್ರದ್ದು 27ರಿಂದ ಶುರು. ಒಂದೇ ಕಟ್ಟಡದಲ್ಲಿ ಮರಾಠಿ, ಹಿಂದಿ, ಉರ್ದು, ಕನ್ನಡ ನಾಲ್ಕೂ ನಡೆಯುತ್ತಿದ್ದರೂ ಒಂದೊಂದು ಮಾಧ್ಯಮದ ಲೆಕ್ಕ ಬೇರೆ. ಕಟ್ಟಡದ ಒಟ್ಟು ಲೆಕ್ಕ ಹಿಡಿದು ಹೋದವರ ಮಾತು ಮೊದಲ ನಿಮಿಷದಲ್ಲೇ ಬಿದ್ದುಹೋಗುತ್ತದೆ.

ಎರಡನೆಯದು ಸೆಪ್ಟೆಂಬರ್ 30. ಶಿಕ್ಷಕರ ಹುದ್ದೆ ನಿರ್ಧರಿಸುವ ‘ಸಂಚ ಮಾನ್ಯತಾ’ ಅಂದಿನ ಪಟದ ಮೇಲೆ ನಿಲ್ಲುತ್ತದೆ. ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. 58 ಮತ್ತು 61ರ ನಡುವೆ ಇರುವುದು ಮೂರು ಮಕ್ಕಳಲ್ಲ, ಒಬ್ಬ ಮಾಸ್ತರು. ರಾಜ್ಯದ ಆದೇಶ ಇದಕ್ಕಿಂತ ಕಡಿಮೆ ಹುದ್ದೆ ಕೊಟ್ಟಿದ್ದರೆ ಆಮದಾರರ ಮುಂದಿಡಬೇಕಾದ ನೀತಿಯ ಪ್ರಶ್ನೆ ಅದೇ.

ಆ ಮೂರು ಮಕ್ಕಳು ಎಲ್ಲಿ ಕಳೆದುಹೋಗುತ್ತಾರೆ? ಚೌತಿಗೆ ಊರಿಗೆ ಹೋದವರು ತಿಂಗಳಾದರೂ ವಾಪಸು ಬಂದಿರುವುದಿಲ್ಲ. ಇನ್ನು ಕೆಲವರು ಶಾಲೆಯಲ್ಲೇ ಇದ್ದೂ ಗಣಕದಲ್ಲಿ ಇರುವುದಿಲ್ಲ. ಊರಿನಲ್ಲಿ ಮಾಡಿಸಿದ ಆಧಾರ್‌ನಲ್ಲಿ ‘ಹಣಮಂತ’, ಇಲ್ಲಿನ ದಾಖಲೆಯಲ್ಲಿ ‘ಹನುಮಂತ’. ಅಲ್ಲಿ ತಂದೆಯ ಹೆಸರು ನಡುವೆ, ಇಲ್ಲಿ ಮನೆತನದ ಹೆಸರು ಕೊನೆಗೆ. ಎರಡೂ ತಾಳೆಯಾಗದೆ ಹುಡುಗ ಸಿಕ್ಕಿಬೀಳುತ್ತಾನೆ. ಜುಲೈ–ಆಗಸ್ಟ್‌ನಲ್ಲೇ ಮುಖ್ಯೋಪಾಧ್ಯಾಯರಿಂದ ತಾಳೆಯಾಗದ ಹೆಸರುಗಳ ಪಟ್ಟಿ ಪಡೆದು ಮನೆಮನೆಗೆ ಹೋಗಿ ಸರಿಪಡಿಸಿ. ನಿವೇದನ ಬರೆಯುವುದಕ್ಕಿಂತ ಈ ಕೆಲಸದಿಂದ ಫಲ ಹೆಚ್ಚು.

ಭಾಷಾ ಅಲ್ಪಸಂಖ್ಯಾತರೆಂಬ ನೆಲೆಯಲ್ಲಿ ಸಂವಿಧಾನದ 350ಎ ವಿಧಿ ಇದೆ: ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ತಕ್ಕಷ್ಟು ಸೌಲಭ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕು. ಅದಕ್ಕೂ ಹಿಂದಿನದು 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದ ನಿರ್ಣಯ. ಇಡೀ ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಕನಿಷ್ಠ ಒಬ್ಬ ಶಿಕ್ಷಕರನ್ನು ನೇಮಿಸಬೇಕು ಎಂಬ ಸೂತ್ರ ಅಲ್ಲಿಂದ ಬಂದದ್ದು. ಇದು ಒಪ್ಪಂದ, ಕಾಯಿದೆಯಲ್ಲ. ಮೇಜಿನ ಮೇಲೆ ಇಡಬಹುದು, ಮೇಜು ಕುಟ್ಟಲಾಗದು.

ಖಾಲಿ ಹುದ್ದೆಯ ಮಾಹಿತಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು, ಮೂವತ್ತು ದಿನ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಪುರಾಣ ಬರೆದರೆ ವಾಪಸು ಬರುತ್ತದೆ.

ಇಷ್ಟರ ಮೇಲೆ ಒಂದು ಕಹಿ ಮಾತು. ಸುತ್ತಮುತ್ತ ಕನ್ನಡದ ಬಾಲವಾಡಿ ಇಲ್ಲದಿದ್ದರೆ ಒಂದನೇ ತರಗತಿಗೆ ಮಕ್ಕಳು ಎಲ್ಲಿಂದ ಬರಬೇಕು? ಐದು ವರ್ಷದಲ್ಲಿ ಶಾಲೆ ತಾನಾಗಿಯೇ ಬರಿದಾಗುತ್ತದೆ. ‘ವಿಲೀನ ಬೇಡ’ ಎನ್ನುವ ಮೊದಲು ‘ಬಾಲವಾಡಿ ಬೇಕು’ ಎನ್ನಿ. ಖರ್ಚು ಕಡಿಮೆ, ಒಪ್ಪುವುದೂ ಸುಲಭ. ಐದು ತರಗತಿ ಸೇರಿ ಹದಿನೈದೇ ಮಕ್ಕಳಿದ್ದರೆ ಹೋರಾಟದ ದಿಕ್ಕು ಬದಲಿಸಿ: ವಿಲೀನವಾದ ಶಾಲೆಯಲ್ಲಿ ಕನ್ನಡ ಒಂದು ವಿಷಯವಾಗಿ ಉಳಿಯಲಿ, ಹೊಸ ಶಾಲೆ ಒಂದು ಕಿಲೋಮೀಟರ್ ದಾಟಿದರೆ ವಾಹನ ಸಿಗಲಿ. ಗೋಡೆಯ ಮೇಲಿನ ಫಲಕಕ್ಕಾಗಿ ಮಕ್ಕಳನ್ನು ಒಬ್ಬ ಮಾಸ್ತರರ ಕೈಕೆಳಗೆ ಐದು ತರಗತಿಯಾಗಿ ಕೂರಿಸುವುದು ಅಭಿಮಾನವಲ್ಲ.

ಪುಣೆಯ ವಾಘೋಲಿಯಲ್ಲಿ ಕಟ್ಟಡದ ಕೆಲಸಕ್ಕೆ ಯಾದಗಿರಿ, ಕಲಬುರಗಿ ಕಡೆಯವರು ಬಂದಿದ್ದಾರೆ. ನವೆಂಬರಿನಲ್ಲಿ ಮಕ್ಕಳನ್ನು ಶಾಲೆಗೆ ಕರೆದೊಯ್ದರೆ ಟಿ.ಸಿ. ಇಲ್ಲ, ವರ್ಷದ ನಡುವೆ ಆಗುವುದಿಲ್ಲ ಎನ್ನುತ್ತಾರೆ. ಯಾರನ್ನು ಒಟ್ಟಿಗೆ ಕೂರಿಸಬೇಕು?

ಶಿಕ್ಷಣ ಹಕ್ಕು ಕಾಯಿದೆ ನಿಮ್ಮ ಕಡೆಗಿದೆ. 5ನೇ ಕಲಮಿನಂತೆ ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. 14ರಂತೆ ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ. 4ನೇ ಕಲಮಿನಂತೆ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಆದರೂ ಆಗದಿದ್ದರೆ 32ನೇ ಕಲಮಿನ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು, ಮೂರು ತಿಂಗಳಲ್ಲಿ ತೀರ್ಮಾನ, ಮೇಲ್ಮನವಿ ರಾಜ್ಯ ಬಾಲಹಕ್ಕು ಆಯೋಗಕ್ಕೆ. ಆದರೆ ಮೂರು ತಿಂಗಳಲ್ಲಿ ಆ ಕುಟುಂಬ ಇನ್ನೊಂದು ಸೈಟಿಗೆ ಹೋಗಿರುತ್ತದೆ. ಹಾಗಾಗಿ ದೂರಿಗಿಂತ ಮೇಜು ಒಳ್ಳೆಯದು.

ಆ ಮೇಜಿಗೆ ಮೊದಲು ಬರಬೇಕಾದವರು ಮುಕಾದಮ, ಅಂದರೆ ಕೂಲಿಗಳ ಟೋಳಿಯನ್ನು (ಗುಂಪನ್ನು) ಕರೆತರುವ ಮೇಸ್ತ್ರಿ. ಯಾವ ಟೋಳಿ ಯಾವಾಗ ಬರುತ್ತದೆ, ಎಷ್ಟು ಮಕ್ಕಳಿದ್ದಾರೆ ಎಂಬುದು ಬಿಲ್ಡರಿಗೂ ಗೊತ್ತಿಲ್ಲ, ಸರಕಾರಕ್ಕೂ ಗೊತ್ತಿಲ್ಲ. ಮುಕಾದಮರ ಕಿಸೆಯ ಡೈರಿಗೆ ಗೊತ್ತು. ಆಮೇಲೆ ಸೈಟ್ ಎಂಜಿನಿಯರ್, ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರು, ಆ ಭಾಗದ ಶಿಕ್ಷಣ ಖಾತೆಯ ಅಧಿಕಾರಿ, ಕಾರ್ಮಿಕ ಇಲಾಖೆಯವರು. ಕಾರ್ಮಿಕ ಇಲಾಖೆ ಏಕೆಂದರೆ, 1996ರ ಕಾಯಿದೆಯಿಂದ ಶುರುವಾಗಿ ಈಗ ಸಾಮಾಜಿಕ ಭದ್ರತಾ ಸಂಹಿತೆಯಡಿ ಮುಂದುವರಿದಿರುವ, ಕಟ್ಟಡದ ವೆಚ್ಚದ ಮೇಲಿನ ಉಪಕರ ಕಾರ್ಮಿಕ ಕಲ್ಯಾಣ ಮಂಡಳಿಗೆ ಸೇರುತ್ತದೆ. ನೋಂದಾಯಿತ ಕಾರ್ಮಿಕರ ಮಕ್ಕಳ ಓದಿಗೆ ಅಲ್ಲಿಂದ ನೆರವಿದೆ. ನೋಂದಣಿಗೆ ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಅದನ್ನು ಕೊಡಲು ಗುತ್ತಿಗೆದಾರರು ಹಿಂದೆಮುಂದೆ ನೋಡುತ್ತಾರೆ. ಎಲ್ಲರ ಎದುರು ಕೇಳಿದರೆ ಅಲ್ಲವೆನ್ನಲು ಸಂಕೋಚವಾಗುತ್ತದೆ.

ಪ್ರವೇಶ ಸಿಕ್ಕ ಮೇಲಿನ ಕಷ್ಟ ಹೆಚ್ಚಿನದು. ನಾಲ್ಕನೇ ತರಗತಿಯ ಹುಡುಗಿಗೆ ಕನ್ನಡ ಓದಲು ಬರುತ್ತದೆ, ಗುಣಾಕಾರ ಬರುತ್ತದೆ. ಮರಾಠಿ ಮಾಧ್ಯಮದ ಗಣಿತ ಪುಸ್ತಕ ತೆರೆದರೆ ಅಂಕಿಗಳೆಲ್ಲ ದೇವನಾಗರಿಯಲ್ಲಿ. ಲೆಕ್ಕ ಬರುವ ಹುಡುಗಿ ಲೆಕ್ಕವನ್ನು ಓದಲಾಗದೆ ದಡ್ಡಿ ಎನಿಸಿಕೊಳ್ಳುತ್ತಾಳೆ. ಉಪಾಯ ಪುಣೆಯಲ್ಲೇ ಇದೆ: ಸೇನಾಪತಿ ಬಾಪಟ್ ರಸ್ತೆಯ ಬಾಲಭಾರತಿ ಕನ್ನಡ ಮಾಧ್ಯಮದ ಪಠ್ಯಗಳನ್ನೂ ಅಚ್ಚು ಹಾಕುತ್ತದೆ, ಪಿಡಿಎಫ್ ಉಚಿತ. ಗಣಿತದ ಪಾಠಗಳು ಎರಡೂ ಮಾಧ್ಯಮದಲ್ಲಿ ಸಮಾನ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ಮೊದಲ ವಾರ ಬರೀ ಅಂಕಿ, ಎರಡನೇ ವಾರ ‘ಬೇರೀಜ (ಕೂಡುವುದು), ವಜಾಬಾಕಿ (ಕಳೆಯುವುದು), ಗುಣಾಕಾರ, ಭಾಗಾಕಾರ’ದಂಥ ಹತ್ತಿಪ್ಪತ್ತು ಮರಾಠಿ ಪದ ಕಲಿಸಿದರೆ ಗಾಡಿ ಹಳಿಗೆ ಬರುತ್ತದೆ. ಸಂಘದ ಯುವಕರು ಮಾಡಬಹುದಾದ ಕೆಲಸ.

ನೀತಿಯ ಮಟ್ಟದ ಬೇಡಿಕೆಯೂ ಒಂದಿದೆ. ಮಹಾರಾಷ್ಟ್ರದೊಳಗೆ ವಲಸೆ ಹೋಗುವ ಮಕ್ಕಳಿಗೆ ‘ಶಿಕ್ಷಣ ಹಮೀ ಪತ್ರಕ’ ಎಂಬ ಕಾರ್ಡು ಕೊಡುವ ಪದ್ಧತಿ ಇದೆ: ಹಿಂದಿನ ಶಾಲೆ ಬರೆದುಕೊಡುತ್ತದೆ, ಮುಂದಿನ ಶಾಲೆ ಸೇರಿಸಿಕೊಳ್ಳುತ್ತದೆ. ಗಡಿ ದಾಟಿ ಬರುವವರಿಗೂ ಇಂಥದ್ದೊಂದು ಬೇಕೆಂದರೆ ಕರ್ನಾಟಕದ ಅಧಿಕಾರಿಗಳೂ ಇಲ್ಲಿಯವರೂ ಒಟ್ಟಿಗೆ ಕೂರಬೇಕು. ರಾಜ್ಯದ ಶಿಕ್ಷಣ ಆಯುಕ್ತರ ಕಚೇರಿ ಇರುವುದು ಪುಣೆಯಲ್ಲೇ. ಮುಂಬಯಿಯ ಮಂತ್ರಾಲಯಕ್ಕೆ ಓಡುವ ಮೊದಲು ಅಲ್ಲಿಗೆ ಹೋಗಿ.

ಶಿಕ್ಷಣ ಹಕ್ಕು ಕಾಯಿದೆಯಂತೆ ಖಾಸಗಿ ಶಾಲೆಗಳಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಮೀಸಲಾದ ಶೇ. 25 ಸೀಟಿಗೆ ಅರ್ಜಿ ಹಾಕಲು ಕರ್ನಾಟಕದ ಜಾತಿ ಪ್ರಮಾಣಪತ್ರ ನಡೆಯುತ್ತದೆಯೇ? ನಮ್ಮವರೇ ನಡೆಸುವ ಶಾಲೆಯಲ್ಲಿ ಈ ಸೀಟೇ ಇಲ್ಲವೆನ್ನುತ್ತಾರೆ, ಏಕೆ? (ಭಾಂಡೂಪ್)

ಮಹಾರಾಷ್ಟ್ರದ ಪ್ರವೇಶ ಪ್ರಕ್ರಿಯೆಯಲ್ಲಿ ಹೊರರಾಜ್ಯದ ಜಾತಿ ಪ್ರಮಾಣಪತ್ರ ನಡೆಯುವುದಿಲ್ಲ. ವರ್ಷಕ್ಕೆ ಒಂದು ಲಕ್ಷದೊಳಗಿನ ಆದಾಯವಿದ್ದರೆ ಇಲ್ಲಿನ ತಹಶೀಲ್ದಾರರ ಆದಾಯ ಪ್ರಮಾಣಪತ್ರ ಮಾಡಿಸಿ ದುರ್ಬಲ ವರ್ಗದಡಿ ಹಾಕಿ. ಬಾಡಿಗೆ ಮನೆಯಾದರೆ ಕರಾರು ನೋಂದಣಿಯಾಗಿರಲಿ. ಬರೀ ನೋಟರಿ ಕಾಗದವಿದ್ದರೆ ಅರ್ಜಿ ತಿರಸ್ಕಾರವಾಗುವುದುಂಟು. ಸರಕಾರಿ ಅಥವಾ ಅನುದಾನಿತ ಶಾಲೆ ಒಂದು ಕಿಲೋಮೀಟರ್ ಒಳಗಿದ್ದರೆ ಖಾಸಗಿ ಶಾಲೆ ಸೀಟು ಕೊಡಬೇಕಿಲ್ಲ ಎಂದು ರಾಜ್ಯ 2024ರ ಫೆಬ್ರವರಿಯಲ್ಲಿ ನಿಯಮ ತಿದ್ದಿತ್ತು. ಬಾಂಬೆ ಹೈಕೋರ್ಟ್ ಅದನ್ನು ಅದೇ ವರ್ಷ ಜುಲೈಯಲ್ಲಿ ರದ್ದು ಮಾಡಿದೆ. ಯಾರಾದರೂ ಆ ನೆಪ ಹೇಳಿದರೆ ಒಪ್ಪಬೇಡಿ.

ಎರಡನೇ ಪ್ರಶ್ನೆ ಚುಚ್ಚುವಂಥದ್ದು. 2014ರಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಶಿಕ್ಷಣ ಹಕ್ಕು ಕಾಯಿದೆಯಿಂದ ಹೊರಗಿಟ್ಟಿತು. ಇಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಆ ಮಾನ್ಯತೆ ಪಡೆದ ಶಾಲೆಗೆ ಶೇ. 25ರ ಕಟ್ಟುಪಾಡಿಲ್ಲ. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ತೋರಿಸಿ, ದೊಡ್ಡ ಪೀಠ ನೋಡಲಿ ಎಂದಿದೆ. ಆದರೆ ಕಟ್ಟುಪಾಡಿಲ್ಲ ಎಂದರೆ ಅಡ್ಡಿ ಇದೆ ಎಂದಲ್ಲವಲ್ಲ. ಶಾಲೆ ನಡೆಸುವ ಸಂಸ್ಥೆಗಳ ಮುಖ್ಯಸ್ಥರು ಒಟ್ಟಿಗೆ ಕೂತು, ಒಂದನೇ ತರಗತಿಯ ಪ್ರತಿ ವಿಭಾಗದಲ್ಲಿ ಇಷ್ಟು ಸೀಟು ಕನ್ನಡದ ಬಡ ಮಕ್ಕಳಿಗೆ ಎಂದು ಬರೆದಿಟ್ಟರೆ ಯಾವ ಮಂತ್ರಿಯ ಸಹಿಯೂ ಬೇಡ. ಶುಲ್ಕ ಬಿಟ್ಟರೆ ಸಾಲದು. ಸಮವಸ್ತ್ರ, ಬಸ್ಸು, ಪಿಕ್‌ನಿಕ್ ಹಣವೂ ಲೆಕ್ಕದಲ್ಲಿರಬೇಕು. ಬಡ ಮಕ್ಕಳು ಎರಡನೇ ವರ್ಷ ಬಿಟ್ಟುಹೋಗುವುದು ಈ ಚಿಲ್ಲರೆ ಖರ್ಚಿಗೇ.

ವಾಸ್ಕೋದ ಬಾಯ್ನಾದಲ್ಲಿದ್ದೇವೆ. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ನನ್ನ ಹೆಸರಿದೆಯಂತೆ. ಸಹಿ ಮಾತ್ರ ಕೇಳುತ್ತಾರೆ. ನಮ್ಮ ಕೌನ್ಸಿಲರ್‌ಗೆ ಹೇಳಿದರೆ ‘ನೋಡೋಣ ಅಕ್ಕಾ’ ಎನ್ನುತ್ತಾರೆ.

ಅವರು ನೋಡಲಾರರು, ಅಕ್ಕಾ. ಗೋವಾದಲ್ಲಿ ಸರಕಾರಿ ಪ್ರಾಥಮಿಕ ಶಾಲೆ ನಗರಸಭೆಯದ್ದಲ್ಲ, ಶಿಕ್ಷಣ ಸಂಚಾಲನಾಲಯದ್ದು. ನಿಮ್ಮ ಕಾಗದ ಹೋಗಬೇಕಾದದ್ದು ಮುರಗಾಂವ್ ತಾಲೂಕಿನ ಎ.ಡಿ.ಇ.ಐ. (ಸಹಾಯಕ ಜಿಲ್ಲಾ ಶಿಕ್ಷಣ ನಿರೀಕ್ಷಕರ) ಕಚೇರಿಗೆ, ಅಲ್ಲಿಂದ ಪರ್ವರಿಯ ಸಂಚಾಲನಾಲಯಕ್ಕೆ. ಶಾಸಕರನ್ನು ಹಿಡಿಯುವುದು ಗೋವಾದಲ್ಲಿ ಮುಂಬಯಿಯಷ್ಟು ಕಷ್ಟವಲ್ಲ. ಇಡೀ ರಾಜ್ಯಕ್ಕೆ 40 ಕ್ಷೇತ್ರ, ನಿಮ್ಮ ತಾಲೂಕೊಂದರಲ್ಲೇ ನಾಲ್ಕು.

ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು ಎಂದು ಶಿಕ್ಷಣ ಹಕ್ಕು ಕಾಯಿದೆಯ 21ನೇ ಕಲಮು ಹೇಳುತ್ತದೆ. ಹದಿನಾರು ಜನರಿದ್ದರೆ ಹನ್ನೆರಡು ಪಾಲಕರು, ಎಂಟು ಹೆಂಗಸರು. ಹಿಂದುಳಿದವರ, ಬಡವರ ಪಾಲು ಅವರ ಮಕ್ಕಳ ಪ್ರಮಾಣಕ್ಕೆ ತಕ್ಕಂತೆ ಇರಬೇಕು. ಅಂದರೆ ನೀವು ಅಲ್ಲಿ ಕೂತಿರುವುದು ಯಾರ ಔದಾರ್ಯದಿಂದಲೂ ಅಲ್ಲ. ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದು ಈ ಸಮಿತಿಯ ಕೆಲಸ, ಶಾಲೆಗೆ ಬರುವ ಅನುದಾನದ ಖರ್ಚಿನ ಮೇಲೆ ಕಣ್ಣಿಡುವುದೂ ಅದರದ್ದೇ. ಕೇಂದ್ರದ ಮಾದರಿ ನಿಯಮದಂತೆ ಯೋಜನೆ ಮೂರು ವರ್ಷದ್ದು, ಹಣಕಾಸು ವರ್ಷ ಮುಗಿಯುವ ಮೂರು ತಿಂಗಳ ಮೊದಲೇ ತಯಾರಾಗಬೇಕು. ಅಂದರೆ ಡಿಸೆಂಬರ್ 31ರೊಳಗೆ.

ಸಹಿಗೆ ಪುಸ್ತಕ ಮುಂದಿಟ್ಟಾಗ ಹಿಂದಿನ ಪುಟ ತಿರುಗಿಸಿ. ಸಭೆಯ ತಾರೀಖು ಇದ್ದು ಕೆಳಗೆ ವಿಷಯ ಬರೆಯದೆ ಜಾಗ ಬಿಟ್ಟಿದ್ದರೆ ಸಹಿ ಹಾಕಬೇಡಿ. ಕೊಂಕಣಿ ಅಥವಾ ಮರಾಠಿ ಓದಲು ಬರದಿದ್ದರೆ ‘ಓದಿ ಹೇಳಿ, ಆಮೇಲೆ ಸಹಿ’ ಎನ್ನಿ. ಮುಂದಿನ ಸಭೆಗೆ ಒಬ್ಬರೇ ಹೋಗದೆ ಇನ್ನಿಬ್ಬರು ತಾಯಂದಿರನ್ನು ಜೊತೆಗೆ ಕರೆದುಕೊಂಡು ಹೋಗಿ, ಒಂದೇ ಪ್ರಶ್ನೆ ಕೇಳಿ: ಈ ವರ್ಷ ಶಾಲೆಗೆ ಎಷ್ಟು ಹಣ ಬಂತು, ಯಾವುದಕ್ಕೆ ಹೋಯಿತು? ಉತ್ತರ ಬಾಯಲ್ಲಿ ಬಂದರೆ ಸಾಲದು, ಅದೇ ಪುಸ್ತಕದಲ್ಲಿ ಬರೆಸಿ. ಅದರ ಕೆಳಗೆ ಸಹಿ ಹಾಕಿ.